ಇಬ್ಬರು ಕೆಂಪಮ್ಮಂದಿರು, ಒಂದು ಹೆಬ್ಬೆಟ್ಟು

ಸಂಪಾಜೆಯ ಗೇಟು

ಪರದೇಶಕ್ಕೆ ಹೋಗಿ ಬಂದವರು ಹಡಗಿನ ಕಥೆಯಿಂದ ಆರಂಭಿಸುತ್ತಾರೆ. ನಾನು ಹೋದ ಪರದೇಶಕ್ಕೆ ಹಡಗು ಬೇಡ. ಪುತ್ತೂರಿನಲ್ಲಿ ಬೆಳಗಿನ ಗಂಜಿ ಉಂಡು ಬಸ್ಸು ಹತ್ತಿದರೆ ಕೊಡಗನ್ನು ಹಾದು ಮರುದಿನ ಮೈಸೂರು ಸಂಸ್ಥಾನದಲ್ಲಿ ಇಳಿಯಬಹುದು. ಆದರೂ ಅದು ಪರದೇಶವೇ ಸರಿ. ನಾವು ಮದರಾಸು ಸರಕಾರದ ಕೈಕೆಳಗಿನವರು, ಅವರು ಮಹಾರಾಜರ ಪ್ರಜೆಗಳು. ಅವರ ಕಾಯಿದೆ ಬೇರೆ, ಊಟ ಬೇರೆ, ಬೈಗುಳ ಕೂಡ ಬೇರೆ.

ನಮ್ಮ ಜಿಲ್ಲೆಯ ಒಂದು ಕೋರ್ಟಿನಲ್ಲಿ ಗುಮಾಸ್ತನಾಗಿ ಸೇರಿ, ಮೂವತ್ತು ವರ್ಷ ದುಡಿದು, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ರಿಕಾರ್ಡು ನೋಡದೆ ಮಾತನಾಡುವ ಅಭ್ಯಾಸವಿಲ್ಲ. ಸಿಟ್ಟು ಬೇಗ ಬರುತ್ತದೆ, ಹೋಗುವುದು ನಿಧಾನ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಈ ಪ್ರವಾಸದಲ್ಲಿ ನಾನು ನೋಡಬೇಕೆಂದು ಹೋದದ್ದು ಜಲಪಾತ, ನೋಡಿ ಬಂದದ್ದು ಒಂದು ಕಚೇರಿ. ಊರಿಗೆ ಬಂದು ಇಷ್ಟು ದಿನವಾದರೂ ಸಿಟ್ಟು ಆರಿಲ್ಲ.

ಸಿಟ್ಟು ಶುರುವಾದದ್ದು ಸಂಪಾಜೆಯ ಗೇಟಿನಲ್ಲೇ. ಯುದ್ಧದ ಕಾಲ. ಅಕ್ಕಿಯನ್ನು ಒಂದು ಸೀಮೆಯಿಂದ ಇನ್ನೊಂದಕ್ಕೆ ಒಯ್ಯಬಾರದು. ಘಟ್ಟದ ಮೇಲಿನವರ ಬೆಳ್ತಿಗೆ ಅಕ್ಕಿಯ ಅನ್ನ ನನಗೆ ಒಗ್ಗುವುದಿಲ್ಲವೆಂದು ನನ್ನ ಹೆಂಡತಿ ನಾಲ್ಕು ಸೇರು ಕುಚ್ಚಲಕ್ಕಿ ಕಟ್ಟಿಕೊಟ್ಟಿದ್ದಳು. ಗೇಟಿನವನು ಗಂಟು ಬಿಚ್ಚಿಸಿದ.

"ಇದು ನನ್ನ ಹೊಟ್ಟೆಗೆ ಮಾರಾಯ, ವ್ಯಾಪಾರಕ್ಕಲ್ಲ" ಎಂದೆ.

"ಹೊಟ್ಟೆಗಾದರೆ ಇಲ್ಲೇ ಬೇಯಿಸಿ ಉಂಡು ಹೋಗಿ, ನಾನು ಬೇಡ ಅನ್ನುವುದಿಲ್ಲ" ಎಂದ. ಬಸ್ಸಿನವರೆಲ್ಲ ನಕ್ಕರು. ಅಕ್ಕಿ ಅಲ್ಲೇ ಉಳಿಯಿತು.

ಮದ್ದೂರು

ನನ್ನ ತಂಗಿಯ ಮಗಳು ಸಾವಿತ್ರಿಯನ್ನು ಮದ್ದೂರಿನ ಒಬ್ಬ ಸ್ಕೂಲ್ ಮೇಷ್ಟ್ರಿಗೆ ಕೊಟ್ಟಿದೆ. ಅವಳ ಮನೆಯಲ್ಲಿ ಒಂದು ವಾರ ಇದ್ದೆ. ನಮ್ಮೂರಿನವರು ಮದ್ದೂರು ಎಂದೊಡನೆ ವಡೆಯ ಸುದ್ದಿ ಕೇಳುತ್ತಾರೆ. ವಡೆ ಚೆನ್ನಾಗಿದೆ. ನನ್ನ ಹಲ್ಲು ಚೆನ್ನಾಗಿಲ್ಲ. ಆ ವಿಷಯ ಇಷ್ಟಕ್ಕೆ ಮುಗಿಯಿತು.

ಮೊದಲ ದಿನ ಸ್ಟೇಷನ್ನಿನ ಹೊರಗೆ ಇಬ್ಬರು ಎದುರುಬದುರು ನಿಂತು "ಎಲ್ ಆಳಾಗೋಗಿದ್ಲಾ?" "ನೀನ್ಯಾವೂರ್ ದೊಣ್ಣೆನಾಯ್ಕ ಕಣ್ಲಾ ಕೇಳಕ್ಕೆ?" ಎಂದು ಕೂಗಾಡುತ್ತಿದ್ದರು. ಹೊಡೆದಾಟಕ್ಕೆ ಸಾಕ್ಷಿಯಾಗಬೇಕಾದೀತೆಂದು ನಾನು ಟ್ರಂಕು ಎತ್ತಿಕೊಂಡು ದೂರ ಸರಿದೆ. ತಿರುಗಿ ನೋಡಿದರೆ ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದುತ್ತಿದ್ದರು. ಬಹಳ ದಿನದ ಮೇಲೆ ಸಿಕ್ಕಿದ ಗೆಳೆಯರಂತೆ. ನಮ್ಮ ಕಡೆ ಜಗಳವನ್ನೂ ಬಹುವಚನದಲ್ಲಿ ಆಡುತ್ತೇವೆ. ಇಲ್ಲಿ ಪ್ರೀತಿಯನ್ನೂ ಬೈದು ತೋರಿಸುತ್ತಾರೆ. ಎರಡು ದಿನ ಕಿವಿ ಉರಿಯಿತು, ಮೂರನೆಯ ದಿನ ಹಿತವಾಯಿತು.

ವೈದ್ಯನಾಥಪುರದ ದೇವಸ್ಥಾನಕ್ಕೆ ಹೋಗಿ, ಶಿಂಷಾ ನದಿಯಲ್ಲಿ ಕಾಲು ತೊಳೆದು ಬಂದ ದಿನ ಸಾವಿತ್ರಿಯ ಮನೆಗೆ ರೇಷನ್ ಪಟ್ಟಿ ಬರೆಯುವವನು ಬಂದಿದ್ದ. ಅಳಿಯ ಸ್ಕೂಲಿನಲ್ಲಿದ್ದ.

"ಯಜಮಾನರ ಹೆಸರೇನಮ್ಮ?"

ಅವನು ಮತ್ತೆ ಕೇಳಿದ. ಸಾವಿತ್ರಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಮಗುವಿನ ಸ್ಲೇಟು ತಂದು, ಬಳಪದಲ್ಲಿ ಗಂಡನ ಹೆಸರು ಬರೆದು, ತಲೆ ತಗ್ಗಿಸಿಕೊಂಡು ಹಿಡಿದಳು. ಅವನು ನೋಡಿ ಬರೆದುಕೊಂಡು ಹೋದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುವುದಾದರೆ, ಬರೆದರೆ ಆಗುವುದಿಲ್ಲವೇನೇ?" ಎಂದು ತಮಾಷೆ ಮಾಡಿದೆ.

"ಅತ್ತೆ ನಿಮ್ಮ ಹೆಸರು ಎಷ್ಟು ಸಲ ಹೇಳಿದ್ದಾರೆ ಮಾವ?" ಎಂದಳು.

ಅದೂ ನಿಜ. ಮದುವೆಯಾಗಿ ಮೂವತ್ತೈದು ವರ್ಷ, ನನ್ನ ಹೆಂಡತಿಯ ಬಾಯಲ್ಲಿ ನನ್ನ ಹೆಸರನ್ನು ಕೇಳಿದ್ದಿಲ್ಲ. ಆ ದಿನ ಅದು ನಗುವ ವಿಷಯವಾಗಿತ್ತು.

ಮಳವಳ್ಳಿಯ ಬಸ್ಸು

ಅಲ್ಲಿಂದ ಮಳವಳ್ಳಿಗೆ ಹೋಗಿ ಶಿವನಸಮುದ್ರದಲ್ಲಿ ನೀರು ಬೀಳುವುದನ್ನು ನೋಡಿದೆ. ನೀರು ಎಲ್ಲ ಕಡೆಯೂ ಮೇಲಿನಿಂದ ಕೆಳಗೇ ಬೀಳುತ್ತದೆ. ಅದರ ವರ್ಣನೆಯನ್ನು ಬೇರೆಯವರು ಬರೆಯಲಿ. ಮರುದಿನ ಬೆಳಗ್ಗೆ ಮಂಡ್ಯಕ್ಕೆ ಬಸ್ಸು ಹತ್ತಿದೆ. ಅಲ್ಲಿ ಮಧ್ಯಾಹ್ನದ ರೈಲು ಹಿಡಿದು ಮೈಸೂರು, ಮೈಸೂರಿನಿಂದ ಊರು ಎಂಬುದು ನನ್ನ ಲೆಕ್ಕಾಚಾರ.

ಪೆಟ್ರೋಲು ಸಿಕ್ಕದ ಕಾಲವಾದ್ದರಿಂದ ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿದ್ದರು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಓಡುವ ಎಂದದ್ದು ಮರ್ಯಾದೆಗೆ. ಏರು ಬಂದಲ್ಲೆಲ್ಲ ಗಂಡಸರು ಇಳಿದು ನಡೆಯಬೇಕು, ಜಾಸ್ತಿ ಏರಾದರೆ ತಳ್ಳಬೇಕು. ಮೂರನೆಯ ಸಲ ಇಳಿದಾಗ ನನ್ನ ಬಿಳಿಯ ಕೋಟು ಕರಿಯ ಕೋಟಾಗಿತ್ತು.

ಒಬ್ಬ ಹೆಂಗಸು ಮಾತ್ರ ಗಂಡಸರ ಜೊತೆ ಇಳಿದು ಹೆಗಲು ಕೊಟ್ಟು ತಳ್ಳುತ್ತಿದ್ದಳು. ನಲವತ್ತರ ಹತ್ತಿರದ ವಯಸ್ಸು, ಗಟ್ಟಿ ಆಳು. "ತಳ್ರಲಾ, ಉಣ್ಣಕ್ಕೆ ಕುಂತಂಗೆ ನಿಂತವ್ರೆ ನೋಡು" ಎಂದು ಗಂಡಸರನ್ನೇ ಗದರುತ್ತಿದ್ದಳು. ಮತ್ತೆ ಹತ್ತಿದ ಮೇಲೆ ನನ್ನ ಹತ್ತಿರ ಬಂದು ಕುಕ್ಕರಿಸಿ, ಸೊಂಟದ ಚೀಲದಿಂದ ಮಡಿಚಿದ ಕಾಗದ ತೆಗೆದಳು.

"ಇದ್ರಾಗೆ ಏನ್ ಬರ್ದವ್ರೆ, ವಸಿ ಓದೇಳಿ ಬುದ್ದಿ. ಇವತ್ತು ಮಂಡ್ಯದ ಕಚೇರಿಗೆ ಬಾ ಅಂದವ್ರೆ. ಒತ್ತಾಯ್ತದೇನೋ ಅಂತ ಜೀವ ಒಡ್ಕತಾ ಅದೆ."

ಕಾಗದ ನೋಡಿದೊಡನೆ ನನಗೆ ಹಳೆಯ ಕೆಲಸಕ್ಕೆ ವಾಪಸು ಬಂದಂತಾಯಿತು. ಮೊದಲ ತಪ್ಪು ಮಾಡಿದವರನ್ನು ಜೈಲಿಗೆ ಹಾಕದೆ, ಒಂದು ವರ್ಷ ಸರಿಯಾಗಿ ನಡೆದುಕೊಳ್ಳುತ್ತೇನೆಂದು ಮುಚ್ಚಳಿಕೆ ಬರೆಸಿಕೊಂಡು ಬಿಡುವ ಪದ್ಧತಿ ನಮ್ಮಲ್ಲೂ ಇದೆ, ಅವರಲ್ಲೂ ಇದೆ. ಹಾಗೆ ಬಿಡುಗಡೆಯಾದವರು ತಿಂಗಳಿಗೊಂದು ಸಲ ಕಚೇರಿಗೆ ಬಂದು ಮುಖ ತೋರಿಸಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಕಾಗದದಲ್ಲಿ ಇದ್ದದ್ದು ಇದು: "ಕೊತ್ತತ್ತಿ ಗ್ರಾಮದ ಕೆಂಪಮ್ಮ ಕೋಂ ಬೋರೇಗೌಡ ಎಂಬಾಕೆ ಮೂರು ತಿಂಗಳಿಂದ ಹಾಜರಾಗದೆ ಮುಚ್ಚಳಿಕೆಯ ಷರತ್ತು ಮುರಿದಿರುವುದರಿಂದ, ಮೂಲ ಅಪರಾಧಕ್ಕೆ ಶಿಕ್ಷೆಯನ್ನು ಏಕೆ ವಿಧಿಸಬಾರದು ಎಂಬುದಕ್ಕೆ ಕಾರಣ ತೋರಿಸತಕ್ಕದ್ದು." ಅವರ ಬರವಣಿಗೆಯಲ್ಲಿ 'ಕೋಂ' ಎಂದರೆ ಇಂಥವನ ಹೆಂಡತಿ ಎಂದು.

"ಬೋರೇಗೌಡ ಅಂದರೆ..." ಎಂದೆ.

"ಅವ್ರೇಯಾ. ನಮ್ಮನೇವ್ರು" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು.

ಕಥೆ ಕೇಳಿದೆ. ಗಂಡ ಹುಣಸೆಮರದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ಗದ್ದೆಯಲ್ಲಿ ಪೈರು ಒಣಗುತ್ತಿತ್ತು. ನಾಲೆಯ ನೀರಿನ ಸರದಿ ಬರಲು ಇನ್ನೂ ನಾಲ್ಕು ದಿನ ಇತ್ತು. ಇವಳೂ ಪಕ್ಕದ ಗದ್ದೆಯವಳೂ ಸೇರಿ ತೂಬಿನ ಹಲಗೆ ಎತ್ತಿದರು. ತಡೆಯಲು ಬಂದ, ನಾಲೆ ಕಾಯುವ ನೀರುಗಂಟಿಯನ್ನು ಇಬ್ಬರೂ ಸೇರಿ ಅದೇ ನೀರಿಗೆ ತಳ್ಳಿದರು.

"ಮೊಣಕಾಲುದ್ದ ನೀರು ಬುದ್ದಿ. ಸಾಯೋನಂಗೆ ಬಡ್ಕಂಡ" ಎಂದಳು. ಪಶ್ಚಾತ್ತಾಪ ಏನೂ ಕಾಣಲಿಲ್ಲ.

ಪಕ್ಕದ ಗದ್ದೆಯವಳ ಹೆಸರೂ ಕೆಂಪಮ್ಮನೇ. ಒಂದೇ ಊರು, ಒಂದೇ ಬೀದಿ, ಒಂದೇ ಕೇಸು, ಒಂದೇ ದಿನ ಇಬ್ಬರಿಗೂ ಮುಚ್ಚಳಿಕೆ. ಆ ಕೆಂಪಮ್ಮನ ಗಂಡ ಚಿಕ್ಕೇಗೌಡ ಪಟಾಲಮ್ಮಿಗೆ ಸೇರಿ ಎಲ್ಲೋ ಇದ್ದಾನೆ. ಅವಳು ಹೆರಿಗೆಗೆ ಮಳವಳ್ಳಿ ಕಡೆಯ ತವರಿಗೆ ಹೋಗಿದ್ದಾಳೆ.

"ನೆನ್ನೆ ಓಗಿ ನೋಡ್ಕ ಬಂದೆ. ಎಣ್ ಕೂಸು. ಇನ್ನೂ ತಿಂಗ್ಳು ತುಂಬಿಲ್ಲ" ಎಂದು ಆ ಊರಿನ ಹೆಸರನ್ನೂ ಹೇಳಿದಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಏಕೆಂಬುದು ಮುಂದೆ ತಿಳಿಯುತ್ತದೆ.

"ನೀನು ಮೂರು ತಿಂಗಳು ಯಾಕೆ ಹೋಗಲಿಲ್ಲ?"

"ಯಾರೇಳುದ್ರು? ತಿಂಗ್ಳು ತಿಂಗ್ಳೂ ಓಗಿವ್ನಿ. ಮೊದ್ಲು ನಮ್ಮಣ್ಣ ಜೊತೇಲಿ ಬತ್ತಿದ್ದ, ಅವ್ನೇ ಜಾಮೀನು ನಿಂತಿರಾದು. ಗುಮಾಸ್ತ್ರು ಯಾರ ಎಂಡ್ತಿ ಅಂತ ಕೇಳೋರು, ಅಣ್ಣ ಯೋಳೋನು. ಈಗ ಅವ್ನು ಜರ ಬಂದು ಮಲಗವ್ನೆ. ಅವ್ನನ್ನ ಕರ್ಕ ಬರಾನ ಅಂತ್ಲೇ ಮಳವಳ್ಳಿಗೆ ಬಂದಿದ್ದು. ಏಳಕ್ಕಾಯಕ್ಕಿಲ್ಲ."

"ನೀನು ಒಬ್ಬಳೇ ಹೋದಾಗ ಏನಾಯಿತು?"

"ಯಾರ ಎಂಡ್ತಿ ಅಂದ್ರು. ನಾನೆಂಗೆ ಯೋಳ್ಲಿ ಬುದ್ದಿ? ಮಲಗಿರೋ ಮನ್ಸ. ಸುಮ್ಕೆ ನಿಂತೆ. ಅವ್ರೇ ಏನೋ ಬರ್ಕಂಡ್ರು, ಎಬ್ಬೆಟ್ಟು ಒತ್ತು ಅಂದ್ರು, ಒತ್ತಿ ಬಂದೆ."

"ಯಾರ ಹೆಸರಿನ ಮುಂದೆ ಒತ್ತಿದೆ?"

ಅವಳು ಕಾಗದವನ್ನು ಮಡಿಚತೊಡಗಿದಳು. ಕಾರಣ ತೋರಿಸದಿದ್ದರೆ ಜೈಲು ಎಂದು ನಾನು ಬಿಡಿಸಿ ಹೇಳಿದೆ. ಆಮೇಲೆ ಮಂಡ್ಯದ ತನಕ ಅವಳು ಒಂದು ಮಾತೂ ಆಡಲಿಲ್ಲ, ಬಸ್ಸು ತಳ್ಳುವಾಗ ಯಾರನ್ನೂ ಗದರಲಿಲ್ಲ. ಹೆದರಿದ್ದಾಳೆ ಎಂದುಕೊಂಡೆ.

ಮಂಡ್ಯದ ಕಚೇರಿ

ರೈಲಿಗೆ ಇನ್ನೂ ಹೊತ್ತಿತ್ತು. ಕುತೂಹಲ ಎನ್ನಿ, ಮೂವತ್ತು ವರ್ಷದ ಚಟ ಎನ್ನಿ, ನಾನೂ ಅವಳ ಹಿಂದೆ ಹೋದೆ. ಅದು ಯಾವ ಕಚೇರಿ, ಕುಳಿತಿದ್ದವರು ಯಾರು ಎಂದು ಹೇಳಿ ಯಾರ ಮಾನವನ್ನೂ ಕಳೆಯುವುದಿಲ್ಲ. ಮ್ಯಾಜಿಸ್ಟ್ರೇಟರು ಕೆಟ್ಟವರೇನೂ ಅಲ್ಲ. ಪಾಪ, ಹಲ್ಲುನೋವು. ದವಡೆಗೆ ಲವಂಗದೆಣ್ಣೆಯ ಹತ್ತಿ ಇಟ್ಟುಕೊಂಡು, ಬಾಯಿ ಅರ್ಧ ಮಾತ್ರ ತೆರೆದು ನ್ಯಾಯ ಹೇಳುತ್ತಿದ್ದರು.

ಮುಚ್ಚಳಿಕೆ ಮುರಿದವರ ಕೇಸುಗಳು ಹೇಗೆ ತೀರುತ್ತವೆ ಎಂಬುದನ್ನು ಆ ದಿನ ಬೆಂಚಿನ ಮೇಲೆ ಕುಳಿತು ನೋಡಿದೆ. ಸಾಕ್ಷಿಯಿಲ್ಲ, ವಕೀಲನಿಲ್ಲ, ವಿಚಾರಣೆಯಿಲ್ಲ. ಗುಮಾಸ್ತ ಪುಸ್ತಕ ನೋಡಿ ಓದುತ್ತಾನೆ, ಸ್ವಾಮಿಗಳು ಆಸಾಮಿಯನ್ನು ನೋಡುತ್ತಾರೆ, ಮುಗಿಯಿತು. ಮೊದಲು ಬಂದವನು ಇಸ್ತ್ರಿ ಮಾಡಿದ ಕೋಟು ತೊಟ್ಟ ಅಂಗಡಿಯವನು. ದಾಯಾದಿಯ ತಲೆ ಒಡೆದು, ಅವನ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ಬರೆದುಕೊಟ್ಟವನು, ಮತ್ತೆ ಹೊಸಿಲು ತುಳಿದಿದ್ದ. "ಮನೆಯಲ್ಲಿ ಮದುವೆ ಇತ್ತು ಮಹಾಸ್ವಾಮಿ" ಎಂದ. "ಇನ್ನು ಮುಂದೆ ಜಾಗ್ರತೆ" ಎಂದರು. ಎರಡನೆಯವನು ಬರಿಮೈಯ ಕೂಲಿ. ತಿಳಿಸದೆ ಊರು ಬಿಡಬಾರದೆಂಬ ಷರತ್ತು ಇದ್ದವನು, ಕಬ್ಬು ಕಡಿಯುವ ಕೆಲಸ ಸಿಕ್ಕಿತೆಂದು ಎಂಟು ದಿನ ಪಕ್ಕದ ಊರಿಗೆ ಹೋಗಿದ್ದ. "ಹೊಟ್ಟೆಪಾಡು ಸ್ವಾಮಿ" ಎಂದ. ಎರಡು ತಿಂಗಳು ಎಂದರು. ನಾನು ನಶ್ಯದ ಡಬ್ಬಿ ತೆರೆದು ಮುಚ್ಚುವುದರೊಳಗೆ ಇಬ್ಬರ ಕೇಸೂ ಮುಗಿದುಹೋಗಿತ್ತು. ಮದುವೆಯ ಊಟಕ್ಕೆ ಹೋದರೆ ಮಾಫಿ, ಊಟ ಸಂಪಾದಿಸಲು ಹೋದರೆ ಜೈಲು.

"ಕೆಂಪಮ್ಮ ಕೋಂ ಬೋರೇಗೌಡ" ಎಂದು ಜವಾನ ಕೂಗಿದ.

ಅವಳು ಎದ್ದು ಕೈಮುಗಿದು ನಿಂತಳು. ಗುಮಾಸ್ತ ಓದಿದ: ಮೂರು ತಿಂಗಳು ಗೈರುಹಾಜರು.

"ಯಾಕೆ ಬರಲಿಲ್ಲ?"

"ಬಂದಿದ್ದೆ ಸ್ವಾಮಿ."

"ಪುಸ್ತಕದಲ್ಲಿ ಇಲ್ಲ. ಗುಮಾಸ್ತರೇ, ಈಕೆ ಬಂದಿದ್ದಳೇ?"

"ಕೊತ್ತತ್ತಿಯ ಕೆಂಪಮ್ಮ ಒಬ್ಬಳು ತಪ್ಪದೆ ಬಂದಿದ್ದಾಳೆ ಮಹಾಸ್ವಾಮಿ. ಅವಳು ಚಿಕ್ಕೇಗೌಡನ ಹೆಂಡತಿ. ಈಕೆ ಬಂದ ದಾಖಲೆ ಇಲ್ಲ."

ಅವನು ಸುಳ್ಳು ಹೇಳುತ್ತಿರಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಮುಖ ನೋಡುವವನಿಗೆ ಮುಖ ನೆನಪಿರುವುದಿಲ್ಲ, ಪುಸ್ತಕ ನೆನಪಿರುತ್ತದೆ. ನನಗೂ ಹಾಗೆಯೇ ಇತ್ತು.

"ನೀನು ಬಂದಾಗ ಯಾರ ಹೆಂಡತಿ ಎಂದು ಹೇಳಿದೆ?"

ಅವಳು ಮುಗಿದ ಕೈಯನ್ನು ಇಳಿಸಿದಳು.

"ಈಗಾದರೂ ಹೇಳು. ನಿನ್ನ ಗಂಡನ ಹೆಸರೇನು?"

ಅವಳು ನೆಲ ನೋಡಿದಳು. ಇಡೀ ಕಚೇರಿಗೆ ಆ ಹೆಸರು ಗೊತ್ತಿತ್ತು. ಈಗತಾನೇ ಜವಾನ ಗಂಟಲು ಹರಿಯುವಂತೆ ಕೂಗಿದ್ದ. ಸ್ವಾಮಿಗಳ ಮೇಜಿನ ಮೇಲೆ ಅದು ಬರೆದಿತ್ತು. ಆದರೂ ಅವಳ ಬಾಯಿಂದಲೇ ಬರಬೇಕು. ಅಲ್ಲಿದ್ದ ಒಬ್ಬೊಬ್ಬ ಗಂಡಸಿನ ಮನೆಯಲ್ಲೂ ಹೆಸರು ಹೇಳದ ಹೆಂಡತಿಯೊಬ್ಬಳು ಇದ್ದಾಳೆ. ಅವಳು ಹೇಳದಿರುವುದು ಪತಿಭಕ್ತಿ. ಇವಳು ಹೇಳದಿದ್ದರೆ ಕೋರ್ಟಿಗೆ ಅಗೌರವ. ಇದಕ್ಕಿಂತ ಹೊಲಸಾದ ನ್ಯಾಯವನ್ನು ನಾನು ಕಂಡಿಲ್ಲ.

"ಮಾತಾಡುವುದಿಲ್ಲ. ಬರೆದುಕೊಳ್ಳಿ" ಎಂದರು ಮ್ಯಾಜಿಸ್ಟ್ರೇಟರು, ದವಡೆ ಒತ್ತಿಕೊಂಡು. "ಸಮಾಧಾನಕರ ಕಾರಣ ತೋರಿಸಿಲ್ಲ. ಮೂಲ ಅಪರಾಧಕ್ಕೆ ಮೂರು ತಿಂಗಳು..."

ನಾನು ಎದ್ದುಬಿಟ್ಟೆ.

"ಮಹಾಸ್ವಾಮಿ, ಪುಸ್ತಕವನ್ನು ಒಂದು ಸಲ ನೋಡಬೇಕು."

"ನೀವು ಯಾರು?"

ಯಾರೆಂದು, ಮಳವಳ್ಳಿಯಿಂದ ಈಕೆಯ ಜೊತೆ ಬಸ್ಸಿನಲ್ಲಿ ಬಂದೆನೆಂದು ಹೇಳಿದೆ. ಮದರಾಸು ಸರಕಾರದ ಪಿಂಚಣಿದಾರ ಎಂದಾಗ ಅವರು ನನ್ನ ಕೋಟಿನ ಮಸಿಯನ್ನು ಮೇಲಿಂದ ಕೆಳಗೆ ನೋಡಿದರು. "ಇದು ಮೈಸೂರು ಸಂಸ್ಥಾನ. ನಿಮ್ಮ ಕೋರ್ಟಲ್ಲ."

"ಕನ್ನಡದ ಕೋರ್ಟೇ ಅಲ್ಲವೇ ಮಹಾಸ್ವಾಮಿ. ಚಿಕ್ಕೇಗೌಡನ ಹೆಂಡತಿಯ ಮುಂದೆ ಇರುವ ಹೆಬ್ಬೆಟ್ಟು ನೋಡಬೇಕು, ಅಷ್ಟೇ."

ಹಲ್ಲುನೋವಿನವರಿಗೆ ವಾದಿಸುವ ಶಕ್ತಿ ಇರುವುದಿಲ್ಲ. ಪುಸ್ತಕ ತರಿಸಿದರು. ಮೊದಲ ತಿಂಗಳುಗಳಲ್ಲಿ ಇಬ್ಬರು ಕೆಂಪಮ್ಮಂದಿರ ಮುಂದೆಯೂ ಒಂದೊಂದು ಹೆಬ್ಬೆಟ್ಟು. ಕಡೆಯ ಮೂರು ತಿಂಗಳು ಬೋರೇಗೌಡನ ಸಾಲು ಖಾಲಿ, ಚಿಕ್ಕೇಗೌಡನ ಸಾಲು ತುಂಬಿದೆ. ಆ ಮೂರು ಹೆಬ್ಬೆಟ್ಟುಗಳಲ್ಲೂ ನಡುವೆ ಓರೆಯಾಗಿ ಒಂದು ಬಿಳಿಯ ಗೆರೆ, ಮಸಿ ಹತ್ತದ ಗೆರೆ.

"ಕೈ ತೋರಿಸಮ್ಮ" ಎಂದೆ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅದು ನನಗೆ ಆಗ ಅರ್ಥವಾಗಲಿಲ್ಲ. ಜವಾನ ಹಿಡಿದು ಮೇಲೆತ್ತಿದ. ಹೆಬ್ಬೆರಳಿನಲ್ಲಿ ಓರೆಯಾಗಿ ಹಳೆಯ ಕುಡುಗೋಲಿನ ಗಾಯದ ಗುರುತು.

ಮ್ಯಾಜಿಸ್ಟ್ರೇಟರು ಬೆರಳನ್ನೂ ಪುಸ್ತಕವನ್ನೂ ನೋಡಿದರು. ಎರಡು ಸಲ ನೋಡಿದರು. "ಹೌದು. ಈಕೆ ಬಂದಿದ್ದಾಳೆ. ನೋಟೀಸು ರದ್ದು" ಎಂದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಘಟ್ಟದ ಮೇಲಿನವರಿಗೆ ಕೋರ್ಟು ನಡೆಸುವುದನ್ನು ಕಲಿಸಿಬಿಟ್ಟೆ ಎಂದುಕೊಂಡೆ.

"ಹಾಗಾದರೆ ಗುಮಾಸ್ತರೇ, ಮೂರು ತಿಂಗಳಿಂದ ಬಾರದೇ ಇರುವವಳು ಆ ಇನ್ನೊಬ್ಬಳು" ಎಂದರು ಮ್ಯಾಜಿಸ್ಟ್ರೇಟರು. "ಅವಳ ಮೇಲೆ ವಾರಂಟು ಬರೆಯಿರಿ."

"ಅವ್ಳು ಬಾಣ್ತಿ ಸ್ವಾಮಿ" ಎಂದು ಕೆಂಪಮ್ಮ ಅಷ್ಟು ಹೊತ್ತಿನಲ್ಲಿ ಮೊದಲ ಸಲ ದನಿಯೆತ್ತಿದಳು. "ಎತ್ತು ತಿಂಗ್ಳೂ ತುಂಬಿಲ್ಲ. ಅಸಿ ಮೈ."

"ತವರಿನಲ್ಲಿ ಹೆರಿಗೆಯಾಗಿ ಮಲಗಿರುವುದು ಸಕಾರಣವಲ್ಲವೇ ಮಹಾಸ್ವಾಮಿ?" ಎಂದು ನಾನೂ ಕೂಗಿದೆ.

"ಸಕಾರಣವೇ ಇರಬಹುದು. ಅವಳು ಬಂದು ಹೇಳಲಿ."

ಬಾಣಂತಿ ಹಸುಗೂಸನ್ನು ಎತ್ತಿಕೊಂಡು, ಪೊಲೀಸಿನವನ ಜೊತೆ ಇದ್ದಿಲ ಬಸ್ಸಿನಲ್ಲಿ ಬಂದು, ತಾನು ಬರಲಾರದ ಸ್ಥಿತಿಯಲ್ಲಿದ್ದೇನೆಂದು ಹೇಳಬೇಕು. ಈ ಮಾತನ್ನು ಒಬ್ಬ ಓದಿದ ಮನುಷ್ಯ, ಮಕ್ಕಳೊಂದಿಗ, ಕಣ್ಣು ಮಿಟುಕಿಸದೆ ಹೇಳಿದ.

ಕಚೇರಿಯ ಜಗುಲಿ

ಹೊರಗೆ ಬಂದು ಜಗುಲಿಯ ಮೇಲೆ ಕುಳಿತೆ. ಕೆಂಪಮ್ಮ ನನ್ನ ಮುಂದೆ ಬಂದು ನಿಂತಳು. ಕೃತಜ್ಞತೆ ಹೇಳಲು ಬಂದಳೆಂದು ಒಂದು ಕ್ಷಣ ಅನ್ನಿಸಿದ್ದನ್ನು ನಾಚಿಕೆಯಿಂದ ಬರೆಯುತ್ತಿದ್ದೇನೆ.

"ನಿಮ್ಮುನ್ ಯಾರ್ ಬುದ್ದಿ ಕೇಳಿದ್ರು?"

"ನಿನಗೆ ಮೂರು ತಿಂಗಳು ಜೈಲು ಬರೆಯುತ್ತಿದ್ದರಮ್ಮ."

"ಬರ್ಕಳ್ಳಿ. ನಂಗೊತ್ತಿತ್ತು. ನಾನೊಬ್ಳೇ ಓದ ಮೊದ್ಲು ತಿಂಗ್ಳು ಗುಮಾಸ್ತ್ರು ಚಿಕ್ಕೇಗೌಡ್ನ ಎಂಡ್ತಿಯಾ ಅಂದ್ರು. ಅಲ್ಲ ಅನ್ನಕ್ಕೆ ಬಾಯ್ ತಗದೆ. ಅಲ್ಲ ಅಂದ್ರೆ ಮತ್ಯಾರ್ದು ಅಂತಾರೆ. ಆಮೇಲೆ ಅನ್ನುಸ್ತು, ಅವ್ಳು ಬಸರಿ, ನಡಿಯಕ್ಕಾಯಕ್ಕಿಲ್ಲ, ಅವ್ಳ್ ಎಸ್ರಿಗೇ ಓಗ್ಲಿ. ನಾನ್ ಗಟ್ಟಿ ಇವ್ನಿ, ಬೈದ್ರೆ ಬೈಸ್ಕತೀನಿ ಅಂತ."

"ಜೈಲು ಎಂದು ಬಸ್ಸಿನಲ್ಲೇ ಹೇಳಿದೆನಲ್ಲ."

"ಯೋಳಿದ್ರಿ. ಅದ್ಕೇ ಯೋಚ್ನೆ ಮಾಡ್ಕಂಡೇ ಬಂದೆ. ನಮ್ಮನೇವ್ರಿಗೆ ಗಂಜಿ ಕಾಯ್ಸಕ್ಕೆ ನಮ್ಮತ್ತೆ ಅವ್ಳೆ. ಅವ್ಳ ಕೂಸಿಗೆ ಯಾರವ್ರೆ?"

ಬಸ್ಸಿನಲ್ಲಿ ಅವಳು ಹೆದರಿ ಸುಮ್ಮನಿದ್ದಾಳೆ ಎಂದು ತಿಳಿದೆ. ಕೋರ್ಟಿನಲ್ಲಿ ಗಂಡನ ಹೆಸರಿಗಾಗಿ ಸುಮ್ಮನಿದ್ದಾಳೆ ಎಂದು ತಿಳಿದೆ. ಅವಳು ಯಾಕೆ ಸುಮ್ಮನಿದ್ದಳೆಂದು ಅವಳನ್ನೇ ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ಗುಮಾಸ್ತನ ಹಾಗೆಯೇ, ಮೌನ ಕಂಡಲ್ಲಿ ನನಗೆ ತೋಚಿದ್ದನ್ನು ಬರೆದುಕೊಂಡೆ. ಒಂದು ಸಾಲು ತಿದ್ದಿದರೆ ಕೆಳಗಿನ ಸಾಲೂ ಅಲುಗುತ್ತದೆಂದು ಮೂವತ್ತು ವರ್ಷ ಪುಸ್ತಕ ಬರೆದವನಿಗೆ ತಿಳಿಯಬೇಡವೇ?

ಅಷ್ಟರಲ್ಲಿ ಗುಮಾಸ್ತ ಮೇಜು ಕುರ್ಚಿಯನ್ನು ಜಗುಲಿಗೆ ಹಾಕಿಸಿಕೊಂಡು ಈ ತಿಂಗಳ ಹಾಜರಿಗೆ ಕರೆದ. ಕೆಂಪಮ್ಮ ಹೋಗಿ ನಿಂತಳು. ಅವನು ಪುಸ್ತಕ ಬಿಡಿಸಿ, ಲೇಖನಿ ಅದ್ದಿ, ತಲೆಯೆತ್ತದೆ ಕೇಳಿದ:

"ಯಾರ ಹೆಂಡ್ತಿ?"

ಓದುವವರು ನಂಬಬೇಕು. ಒಳಗೆ ಅಷ್ಟೆಲ್ಲ ನಡೆದು ಕಾಲು ಗಂಟೆಯೂ ಆಗಿರಲಿಲ್ಲ.

"ಏನಯ್ಯ, ನಿಮ್ಮ ಮನೆಯವರು ನಿಮ್ಮ ಹೆಸರು ಹೇಳುತ್ತಾರೇನಯ್ಯ?" ಎಂದು ನಾನು ಕಿರುಚಿದೆ.

"ಎಲ್ಲಾದರೂ ಉಂಟೇ ಸ್ವಾಮಿ" ಎಂದ, ಅವನಿಗೆ ಅವಮಾನವಾದಂತೆ. "ಆದರೆ ಕಾಲಮ್ಮು ತುಂಬಬೇಕಲ್ಲ."

ನಾನೇ ಹೆಸರು ಹೇಳಿದೆ. ಅವನು ಬರೆದ. ಅವಳು ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಕಚೇರಿಯ ಕಂಬಕ್ಕೆ ಒರೆಸಿದಳು.

ಗುಮಾಸ್ತ ಆಮೇಲೆ ವಾರಂಟಿನ ಕಾಗದ ತೆಗೆದ. ಪಕ್ಕದಲ್ಲಿ ಪೊಲೀಸಿನವನು ಬಂದು ನಿಂತ. "ಚಿಕ್ಕೇಗೌಡನ ಹೆಂಡ್ತಿ ತವರಲ್ಲಿದ್ದಾಳಂತಲ್ಲ, ಯಾವೂರು?" ಎಂದು ಗುಮಾಸ್ತ ಕೆಂಪಮ್ಮನನ್ನು ಕೇಳಿದ.

"ನಂಗೊತ್ತಿಲ್ಲ ಕಣಪ್ಪ."

"ಬಾಣಂತಿ ಅಂತ ಗೊತ್ತು, ಊರು ಗೊತ್ತಿಲ್ಲವಾ?"

"ಗೊತ್ತಿಲ್ಲ ಅಂದ್ನಲ್ಲ. ಕೊತ್ತತ್ತೀಲಿ ಓಗಿ ಕೇಳು. ಅಲ್ಲೂ ಯಾರ್ಗೂ ಗೊತ್ತಿಲ್ಲ. ಬಾಣ್ತನ ಮುಗುಸ್ಕಂಡು ಅವ್ಳೇ ಬತ್ತಾಳೆ, ನಾನೇ ಕರ್ಕ ಬತ್ತೀನಿ. ಅಲ್ಲೀಗಂಟ ಅವ್ಳ್ ತವ್ರು ಎಲ್ಲದೆ ಅಂತ ನಮ್ಮೂರಾಗೆ ಒಂದ್ ನಾಯಿಗೂ ಗೊತ್ತಿರಾಕಿಲ್ಲ."

ಗುಮಾಸ್ತ ನನ್ನ ಕಡೆ ತಿರುಗಿದ. ಮರ್ಯಾದೆಯಿಂದಲೇ ಕೇಳಿದ. "ತಾವು ಮಳವಳ್ಳಿಯಿಂದ ಈಕೆ ಜೊತೆ ಬಂದವರು. ರಿಕಾರ್ಡಿನ ಬೆಲೆ ತಿಳಿದವರು. ದಾರಿಯಲ್ಲಿ ಆ ಊರಿನ ಹೆಸರು ಏನಾದರೂ ಹೇಳಿದಳೇ?"

ಹೆಸರು ನನ್ನ ನಾಲಗೆಯ ತುದಿಯಲ್ಲೇ ಇತ್ತು. ಮಳವಳ್ಳಿಯಿಂದ ಎಷ್ಟು ದೂರ, ಯಾವ ಕೆರೆಯ ಪಕ್ಕ ಎಂಬುದೂ ಇತ್ತು. ಮೂವತ್ತು ವರ್ಷ ಕೋರ್ಟಿನ ಅನ್ನ ತಿಂದ ಬಾಯಿ ಅದು, ಕೇಳಿದ್ದಕ್ಕೆ ಉತ್ತರ ಕೊಟ್ಟೇ ಅಭ್ಯಾಸ. ಕೆಂಪಮ್ಮ ನನ್ನ ಕಡೆ ನೋಡಲಿಲ್ಲ. ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲಾಗಿ ಹೋಗುತ್ತಿದ್ದುದನ್ನು ನೋಡುತ್ತಿದ್ದಳು. ನಾನೂ ಅವನ್ನೇ ನೋಡಿದೆ.

"ಸ್ವಾಮಿ, ತಮ್ಮನ್ನೇ ಕೇಳಿದ್ದು."

ನಾನು ಬಾಯಿ ಬಿಡಲಿಲ್ಲ. ಸ್ಟೇಷನ್ನಿನ ಕಡೆ ನನ್ನ ರೈಲು ಕೂಗಿತು. ನಾನು ಕುಳಿತಲ್ಲಿಂದ ಏಳಲಿಲ್ಲ. ಗುಮಾಸ್ತ ಕಾದ, ಅವಳಿಗೆ ಕಾದಷ್ಟೇ ಹೊತ್ತು. ಆಮೇಲೆ ಲೇಖನಿ ಅದ್ದಿ, ಬರೆದು, ಮಸಿ ಆರಲು ಮರಳು ಉದುರಿಸಿದ. ನಾನು ಹಳೆಯ ಅಭ್ಯಾಸದಂತೆ ಬಗ್ಗಿ ನೋಡಿದೆ.

"ತವರೂರು ಯಾವುದೆಂದು ವಿಚಾರಿಸಲಾಗಿ ತಿಳಿದುಬಂದಿಲ್ಲ" ಎಂದಿತ್ತು. ಅಷ್ಟು ಅಪ್ಪಟ ಸುಳ್ಳು ಸಾಲನ್ನು ನಾನು ಸರಕಾರಿ ಕಾಗದದಲ್ಲಿ ಓದಿದ್ದಿಲ್ಲ, ಓದಿ ಅಷ್ಟು ಸಂತೋಷಪಟ್ಟದ್ದೂ ಇಲ್ಲ.